ಗುಡ್ಡದ ಕಡೆಗೆ

ಕೆಂಬರೆ ಬೆಟ್ಟದ ಬುಡದಲ್ಲಿ ಜಾಲಹುಂಡಿ ಎಂಬ ಸಣ್ಣ ಊರಿದೆ. ಊರಿನ ಕೊನೆಯ ಮನೆ ಕಳೆದು, ಬೇಸಿಗೆಯಲ್ಲಿ ಬತ್ತುವ ಒಂದು ತೊರೆಯನ್ನು ದಾಟಿದರೆ ಅಲ್ಲಿಂದಲೇ ಕಾಡು ಶುರು. ಆ ಕಾಡಿನ ಬಾಗಿಲಲ್ಲಿ, ಹೊನ್ನೆ ಮರದ ಕೆಳಗೊಂದು ಹುಲ್ಲಿನ ಗುಡಿಸಲು ಕಟ್ಟಿಕೊಂಡು ಪೂಜ್ಯ ಚೆನ್ನಾಜಮ್ಮನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೆಲೆಸಿದ್ದರು. ಒಳಗೆ ಒಂದು ಕಂಬಳಿ, ಒಂದು ತಂಬಿಗೆ, ಮೂರು ಕಲ್ಲಿನ ಒಲೆ, ಗೂಡಿನಲ್ಲಿ ಒಂದು ಹಣತೆ. ಅಷ್ಟೇ ಅವರ ಆಸ್ತಿ. ಹೊರಗೋಡೆಗೆ ಮಾತ್ರ ಯಾವಾಗಲೂ ಏಳೆಂಟು ಪೊರಕೆಗಳು ಒರಗಿರುತ್ತಿದ್ದವು. ಈಚಲ ಗರಿಯನ್ನು ಸೀಳಿ, ನೆರಳಿನಲ್ಲಿ ಒಣಗಿಸಿ, ನಾರಿನಿಂದ ಬಿಗಿದು ಅಮ್ಮನವರೇ ಕಟ್ಟಿದ ಪೊರಕೆಗಳು.

ಇಷ್ಟೊಂದು ಪೊರಕೆ ಯಾತಕ್ಕೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಡಿಸಲ ಪಕ್ಕದಿಂದ ಬೆಟ್ಟದ ಮೇಲಕ್ಕೆ ಒಂದು ಕಾಲುದಾರಿ ಹೋಗುತ್ತದೆ. ಉದ್ದವೇನಿಲ್ಲ, ಮುಕ್ಕಾಲು ಮೈಲಿಯಾದರೆ ಹೆಚ್ಚು. ಆದರೆ ಬಹಳ ಕಡಿದು. ನಡೆಯುವವನ ಮಂಡಿ ಅವನ ಎದೆಗೆ ತಾಗುತ್ತದೆ ಎಂದು ಊರಿನವರು ಹೇಳುವುದುಂಟು. ದಾರಿಯ ಒಂದು ಪಕ್ಕಕ್ಕೆ ಗುಡ್ಡದ ಮೈ, ಇನ್ನೊಂದು ಪಕ್ಕಕ್ಕೆ ಬಿದ್ದರೆ ನಿಲ್ಲಲಾಗದ ಇಳಿಜಾರು. ತುದಿಯಲ್ಲಿ ನೋಟದ ಅರೆ ಎಂಬ ದೊಡ್ಡ ಹಾಸುಬಂಡೆ. ಅಲ್ಲಿ ಗುಡಿಯಿಲ್ಲ, ಕಲ್ಲಿನ ಬಸವನೂ ಇಲ್ಲ. ಅದರ ಮೇಲೆ ನಿಂತರೆ ಆಚೆಯ ಕಣಿವೆ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ. ಅದನ್ನು ಕಾಣುವುದೇ ಅಲ್ಲಿಯ ಪೂಜೆ.

ಮಾಘ ಫಾಲ್ಗುಣ ಬಂದರೆ ತೇಗ, ಮತ್ತಿ, ದಿಂಡಿಗ ಎಲ್ಲವೂ ಎಲೆ ಉದುರಿಸುತ್ತವೆ. ದಾರಿ ಮುಚ್ಚಿಹೋಗುತ್ತದೆ. ಒಣಗಿದ ತೇಗದ ಎಲೆಯ ಮೇಲೆ ಕಾಲಿಟ್ಟರೆ ಎಣ್ಣೆಯ ಮೇಲೆ ಇಟ್ಟ ಹಾಗೆ. ಅದಕ್ಕಾಗಿ ಅಮ್ಮನವರು ದಿನವೂ ಬೆಳಕು ಹರಿಯುವ ಮೊದಲೇ ಎದ್ದು, ಬುಡದಿಂದ ಶುರುಮಾಡಿ ಅರೆಯವರೆಗೆ ದಾರಿಯನ್ನು ಗುಡಿಸುತ್ತಿದ್ದರು. ಜಪ, ಉಪದೇಶ ಎಂದು ಅವರು ಬೇರೆ ಏನನ್ನೂ ಮಾಡಿದ್ದನ್ನು ಕಂಡವರಿಲ್ಲ. ದರ್ಶನಕ್ಕೆ ಬಂದವರ ಕೈಗೂ ಒಂದು ಪೊರಕೆ ಕೊಡುತ್ತಿದ್ದರು. ಮೇಲೆ ಹೋಗುವವರು ಬರಿಗೈಯಲ್ಲಿ ಹೋಗಬಾರದು ಎಂಬುದು ಆ ದಾರಿಯ ಪದ್ಧತಿ. ಜನ ಅವರನ್ನು ದಾರಿಯಮ್ಮ ಎಂದೇ ಕರೆಯುತ್ತಿದ್ದರು.

ಅಂಥ ಒಂದು ಫಾಲ್ಗುಣದ ಮುಂಜಾನೆ, ಸುಮಾರು ನಲವತ್ತು ವರ್ಷಗಳ ಹಿಂದೆ, ರಾಚಯ್ಯ ತನ್ನ ಹೆಂಡತಿ ಪುಟ್ಟತಾಯಮ್ಮನ ಜೊತೆ ಗುಡಿಸಲ ಮುಂದೆ ಬಂದು ನಿಂತ. ಬಂದ ಎನ್ನುವುದಕ್ಕಿಂತ ಅವಳೇ ಅವನನ್ನು ಕರೆತಂದಳು ಎನ್ನುವುದು ಸರಿ.

ರಾಚಯ್ಯನಿಗೆ ಆಗ ನಲವತ್ತೆಂಟು ವರ್ಷ. ಇಪ್ಪತ್ತೆರಡು ವರ್ಷ ಘಾಟಿಯ ರಸ್ತೆಯಲ್ಲಿ ಖಾಸಗಿ ಬಸ್ಸು ಓಡಿಸಿದವನು. ಕೆಂಬರೆ ಘಾಟಿಯ ಹದಿನೇಳು ತಿರುವುಗಳೂ ಅವನಿಗೆ ಸ್ವಂತ ಅಂಗೈಯ ಗೆರೆಗಳಂತೆ ಗೊತ್ತಿದ್ದವು. ಆ ಮುಂಜಾನೆಗೆ ಐದು ವರ್ಷ ಮೊದಲು, ಘಾಟಿ ಇಳಿಯುವಾಗ ಹತ್ತನೇ ತಿರುವಿನ ಹತ್ತಿರ ಬಸ್ಸಿನ ಬ್ರೇಕು ಹೋಯಿತು. ಬಲಕ್ಕೆ ಕಣಿವೆ, ಎಡಕ್ಕೆ ಗುಡ್ಡ. ರಾಚಯ್ಯ ಬಸ್ಸನ್ನು ಎಡಕ್ಕೆ ತಿರುಗಿಸಿ ಗುಡ್ಡಕ್ಕೆ ಉಜ್ಜಿ ನಿಲ್ಲಿಸಿದ. ನಲವತ್ತೆರಡು ಜನ ಉಳಿದರು. ಕಂಡಕ್ಟರ್ ಚಿನ್ನಸ್ವಾಮಿ ಒಬ್ಬ ಉಳಿಯಲಿಲ್ಲ. ಏಕೆಂದರೆ ಬ್ರೇಕು ಹಿಡಿಯುತ್ತಿಲ್ಲ ಎಂದು ತಿಳಿದ ಕೂಡಲೇ ಅವನು ಚಕ್ರಕ್ಕೆ ಕೊಡುವ ಕಲ್ಲನ್ನು ಕೈಗೆತ್ತಿಕೊಂಡು, ನೆಗೆಯಲು ಬಾಗಿಲ ಮೆಟ್ಟಿಲಿಗೆ ಇಳಿದಿದ್ದ. ಘಾಟಿಯ ಬಸ್ಸುಗಳಲ್ಲಿ ಬಾಗಿಲ ಬಳಿ ಅಂಥ ಒಂದು ಕಲ್ಲು ಯಾವಾಗಲೂ ಇರುತ್ತಿತ್ತು. ಬಾಗಿಲು ಇರುವುದು ಎಡಕ್ಕೆ. ಬಸ್ಸು ಗುಡ್ಡಕ್ಕೆ ತಾಗಿದ್ದೂ ಎಡಕ್ಕೆ.

ಜನ ರಾಚಯ್ಯನಿಗೆ ಹಾರ ಹಾಕಿದರು. ವಿಚಾರಣೆಯಲ್ಲಿ ಅವನ ತಪ್ಪಿಲ್ಲ ಎಂದು ಬರೆದರು. ಅವನು ಮಾತ್ರ ಮತ್ತೆ ಬಸ್ಸು ಹತ್ತಲಿಲ್ಲ. ಇಳಿಜಾರು ಕಂಡರೆ ಕೈ ನಡುಗುತ್ತಿತ್ತು. ಮನೆಯ ಜಗಲಿಯ ಮೂರು ಮೆಟ್ಟಿಲನ್ನೂ ಗೋಡೆ ಹಿಡಿದೇ ಇಳಿಯುತ್ತಿದ್ದ. ನಿದ್ದೆ ಎಂಬುದು ಅವನ ಕಣ್ಣಿನ ಹತ್ತಿರ ಬಂದು ಹಿಂದಕ್ಕೆ ಹೋಗುತ್ತಿತ್ತು. ಚಿನ್ನಸ್ವಾಮಿಯ ಊರು ತೊರೆಹುಂಡಿ. ಬೆಟ್ಟದ ಆಚೆಯ ಕಣಿವೆಯಲ್ಲಿದೆ. ಅವನ ಹೆಂಡತಿ ಸಾಕಮ್ಮ ಅಲ್ಲೇ ಇದ್ದಳು. ರಾಚಯ್ಯ ಚಿನ್ನಸ್ವಾಮಿಯ ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಐದು ವರ್ಷ ಆ ಊರಿನ ದಿಕ್ಕಿಗೆ ತಲೆ ಹಾಕಿ ಮಲಗಲೂ ಇಲ್ಲ.

ಆ ಮುಂಜಾನೆ ತೊರೆ ದಾಟುವಾಗಲೇ ಅವನು ಗೊಣಗುತ್ತಿದ್ದ.

"ಕಸ ಗುಡ್ಸೋರ್ನೆಲ್ಲ ದೇವ್ರು ಅಂತ ಕೈ ಮುಗುದ್ರೆ, ನಮ್ ಬಸ್‌ಸ್ಟ್ಯಾಂಡ್ ಗುಡ್ಸೋ ನಿಂಗಿನೂ ದೇವ್ರೇ."

"ಮೆತ್ಗೆ ಮಾತಾಡಿ," ಎಂದಳು ಪುಟ್ಟತಾಯಮ್ಮ. "ಐದು ವರ್ಷದಿಂದ ಗೋಡೆ ನೋಡ್ಕೊಂಡ್ ಕೂತವ್ರೆ, ಬಾಯಿ ಮಾತ್ರ ಇನ್ನೂ ಟಾಪ್ ಗೇರಲ್ಲೇ ಅದೆ."

ಗುಡಿಸಲ ಮುಂದೆ ಈಚಲ ಗರಿ ಸೀಳುತ್ತಾ ಕೂತಿದ್ದ ಅಮ್ಮನವರಿಗೆ ಎರಡೂ ಮಾತು ಕೇಳಿಸಿದ್ದವು. ಎಪ್ಪತ್ತು ದಾಟಿದ ಕೃಶವಾದ ದೇಹ, ಹಣೆಯಲ್ಲಿ ವಿಭೂತಿ, ಮೊಳಕಾಲಿನ ಮೇಲೆ ಗರಿಯ ರಾಶಿ. ತಲೆಯೆತ್ತದೆ ನಕ್ಕರು.

"ನಿಂಗಿ ಸಿಕ್ಕುದ್ರೆ ನನ್ ನಮಸ್ಕಾರ ಹೇಳಪ್ಪ," ಎಂದರು. "ಬಸ್‌ಸ್ಟ್ಯಾಂಡು ಗುಡ್ಸೋದು ಕಷ್ಟ. ಅಲ್ಲಿ ಉಗಿಯೋ ಜನ ಇರ್ತಾರೆ. ಇಲ್ಲಿ ಬರೀ ಎಲೆ."

ಪುಟ್ಟತಾಯಮ್ಮ ಅಡ್ಡಬಿದ್ದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ತನ್ನ ಗಂಡನ ಕಥೆಯನ್ನು ಹೇಳತೊಡಗಿದಳು. ಅಮ್ಮನವರು ಕೈ ಅಡ್ಡ ಮಾಡಿದರು. ಕಥೆ ಬೇಡವೆಂದಲ್ಲ; ಹೇಳಬೇಕಾದವಳು ಅವಳಲ್ಲ ಎಂಬುದಾಗಿತ್ತು ಆ ಕೈಯ ಅರ್ಥ. ಹಾಗೆಂದು ಪುಟ್ಟತಾಯಮ್ಮನಿಗೂ ಅನ್ನಿಸಿತು.

"ಕುಂಟ್ತಾ ಬಂದೆ, ನಿಂಗೆ ಮಂಡಿ ನೋವು. ನೀನು ಇಲ್ಲೇ ಕೂತು ಈ ಗರಿ ಸೀಳವ್ವ," ಎಂದು ತಮ್ಮ ಕೆಲಸವನ್ನು ಅವಳ ಮಡಿಲಿಗೆ ಸರಿಸಿ ಅಮ್ಮನವರು ಎದ್ದರು. ಗೋಡೆಯಿಂದ ಎರಡು ಪೊರಕೆ ತೆಗೆದುಕೊಂಡರು. ಒಂದನ್ನು ರಾಚಯ್ಯನ ಕಡೆ ಚಾಚಿದರು.

"ನಂಗೆ ಎತ್ತರ ಆಗಲ್ಲ ಅಮ್ಮ," ಎಂದ ಅವನು. "ತಲೆ ತಿರುಗ್ತದೆ."

"ಎತ್ತರಕ್ಕೆ ಯಾರು ಕರುದ್ರು? ನಿನ್ ಕಾಲ್ ಮುಂದೆ ಎಷ್ಟು ಎಲೆ ಅದೆಯೋ ಅಷ್ಟು ಗುಡ್ಸು."

ಅದು ಅವನಿಗೆ ಮಾಡಬಹುದಾದ ಕೆಲಸ ಎನ್ನಿಸಿತು. ಪೊರಕೆ ಹಿಡಿದ.

ದಾರಿ ಗುಡಿಸುವವರ ಬೆನ್ನು ಬಾಗಿರುತ್ತದೆ, ಕಣ್ಣು ನೆಲದಲ್ಲಿರುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ರಾಚಯ್ಯನ ಪಾಲಿಗೆ ಅದು ದೊಡ್ಡ ಉಪಕಾರವಾಯಿತು. ಅವನಿಗೆ ಬೆಟ್ಟ ಕಾಣಲಿಲ್ಲ. ಎರಡು ಅಡಿ ನೆಲ ಕಂಡಿತು. ಅದನ್ನು ಗುಡಿಸಿದರೆ ಇನ್ನೆರಡು ಅಡಿ. ಅಮ್ಮನವರು ನಾಲ್ಕು ಹೆಜ್ಜೆ ಮುಂದೆ ದೊಡ್ಡ ಎಲೆಗಳನ್ನು ಸರಿಸುತ್ತಾ ಹೋದರೆ, ಅವನು ಹಿಂದಿನಿಂದ ಉಳಿದದ್ದನ್ನು ಬಳಿಯುತ್ತಾ ಬಂದ. ಮುಂದೆ ಒಂದು ಸರಕ್, ಹಿಂದೆ ಒಂದು ಸರಕ್. ಇನ್ನೂ ಬಿಸಿಲು ಬಂದಿರಲಿಲ್ಲ. ಮರಗಳ ನಡುವೆ ಮಂಜು ಹಾಲಿನ ಕೆನೆಯಂತೆ ಕಟ್ಟಿ ನಿಂತಿತ್ತು. ಎಲ್ಲೋ ಮೇಲಿನಿಂದ ಒಂದು ಎಲೆ ಬಿಡಿಸಿಕೊಂಡು, ತಾನು ಬೀಳುತ್ತಿದ್ದೇನೆ ಎಂಬುದನ್ನು ಮರೆತಂತೆ ತೇಲುತ್ತಾ ತೇಲುತ್ತಾ ಅವನ ಪೊರಕೆಯ ಮುಂದೆಯೇ ಬಂದು ಕೂತಿತು. ಅದನ್ನು ಸರಿಸಿದ. ಇನ್ನೊಂದು ಬಂತು.

"ಬೆಳಿಗ್ಗೆ ಗುಡುಸುದ್ರೆ ಸಾಯಂಕಾಲಕ್ಕೆ ಮತ್ತೆ ಇಷ್ಟೇ ಬಿದ್ದಿರ್ತದಲ್ಲ ಅಮ್ಮ," ಎಂದ.

"ಹ್ಞೂ."

"ಮತ್ತೆ ಏನ್ ಪ್ರಯೋಜನ?"

"ಮಧ್ಯಾಹ್ನ ಒಬ್ರು ನಡೀತಾರೆ."

ಅಷ್ಟೇ ಉತ್ತರ. ರಾಚಯ್ಯ ಮತ್ತೆ ಗುಡಿಸತೊಡಗಿದ. ಆ ಸರಕ್ ಸರಕ್ ಶಬ್ದ ಅವನ ತಲೆಯ ಒಳಗೂ ಏನನ್ನೋ ಪಕ್ಕಕ್ಕೆ ಸರಿಸುತ್ತಿದೆ ಎನ್ನಿಸಿತು. ಕಾಲು ನಡೆಯುತ್ತಿತ್ತು, ಕೈ ಆಡುತ್ತಿತ್ತು, ಅವನು ಮಾತ್ರ ಅರೆನಿದ್ದೆಯಲ್ಲಿದ್ದ. ತೊಟ್ಟಿಲಲ್ಲಿ ಮಲಗಿದವನಿಗೆ ತೂಗುವವರ ಬಳೆಯ ಸದ್ದು ದೂರದಿಂದ ಕೇಳುತ್ತದಲ್ಲ, ಹಾಗೆ ಮುಂದಿನ ಪೊರಕೆಯ ಸದ್ದು ಕೇಳುತ್ತಿತ್ತು. ಮತ್ತಿಯ ಮರಗಳು ಒಂದೊಂದಾಗಿ ಮಂಜಿನಿಂದ ಹೊರಗೆ ಬಂದು, ಅವನನ್ನು ನೋಡಿ, ಮತ್ತೆ ಒಳಗೆ ಹೋದಂತೆ ಭಾಸವಾಯಿತು.

ಮುಂದಿನ ಸದ್ದು ನಿಂತದ್ದರಿಂದ ಅವನಿಗೆ ಎಚ್ಚರವಾಯಿತು. ಅಮ್ಮನವರು ತಿರುಗಿ ನಿಂತು ಅವನು ಗುಡಿಸಿದ ದಾರಿಯನ್ನು ನೋಡುತ್ತಿದ್ದರು.

"ಎಲೇನ ಯಾವ ಕಡೆಗೆ ತಳ್ತಾ ಇದ್ದೀಯಪ್ಪ?"

ಅವನೂ ನೋಡಿದ. ಅಮ್ಮನವರು ಸರಿಸಿದ ಎಲೆಯೆಲ್ಲ ದಾರಿಯ ಒಳಪಕ್ಕಕ್ಕೆ, ಗುಡ್ಡದ ಬುಡಕ್ಕೆ ಸಣ್ಣ ಸಣ್ಣ ಗುಪ್ಪೆಯಾಗಿ ಬಿದ್ದಿತ್ತು. ಅವನು ಬಳಿದದ್ದೆಲ್ಲ ಹೊರಪಕ್ಕಕ್ಕೆ, ಕಣಿವೆಯ ಅಂಚಿಗೆ ಹೋಗಿತ್ತು. ಒಂದೇ ಒಂದು ಎಲೆಯನ್ನೂ ಅವನು ಗುಡ್ಡದ ಕಡೆಗೆ ತಳ್ಳಿರಲಿಲ್ಲ. ಬೇಕೆಂದು ಹಾಗೆ ಮಾಡಿದ್ದಲ್ಲ. ಅವನ ಕೈಯೇ ಆ ಕಡೆಗೆ ಹೋಗಿರಲಿಲ್ಲ.

"ಅಂಚಿಗೆ ಎಲೆ ಕೂತ್ರೆ ಅದೂ ನೆಲದ ಹಂಗೇ ಕಾಣ್ತದೆ," ಎಂದರು ಅಮ್ಮನವರು. "ಹಿಂದಿನಿಂದ ಬರೋರು ನೆಲ ಅಂತ ಕಾಲಿಡ್ತಾರೆ. ಗುಡ್ಡದ ಕಡೆಗೆ ತಳ್ಳು."

ರಾಚಯ್ಯ ಪೊರಕೆಯನ್ನು ಗುಡ್ಡದ ಕಡೆಗೆ ತಿರುಗಿಸಿದ. ಕೈ ಅಲ್ಲೇ ನಿಂತಿತು. ಪೊರಕೆಯ ತುದಿ ನಡುಗತೊಡಗಿತು. ಆಮೇಲೆ ಮೊಳಕೈ, ಆಮೇಲೆ ಭುಜ. ಎಡಗಡೆಗಿದ್ದ ಆ ಗುಡ್ಡದ ಕೆಂಪು ಮಣ್ಣನ್ನು ನೋಡುತ್ತಾ ಅವನು ಅಲ್ಲೇ ಕುಸಿದು ಕೂತ.

"ಗುಡ್ಡದ ಕಡೆಗೇ ತಿರುಗ್ಸಿದ್ದೆ ಅಮ್ಮ," ಎಂದ. ಐದು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು. "ಅವನು ಬಾಗ್ಲಲ್ಲಿ ಅವನೆ ಅಂತ ಗೊತ್ತಿತ್ತು. ಯಾರ್ಗೂ ಹೇಳಿಲ್ಲ. ಗೊತ್ತಿರ್ಲಿಲ್ಲ ಅಂತ ಬರೆಸ್ದೆ. ಕನ್ನಡೀಲಿ ಕಂಡಿದ್ದೆ. ಕಂಡೂ ತಿರುಗುಸ್ದೆ."

ಅಮ್ಮನವರು ಅವನ ತಲೆ ಸವರಲಿಲ್ಲ. ನಿನ್ನ ತಪ್ಪಿಲ್ಲ ಎನ್ನಲಿಲ್ಲ. ಆ ಮಾತನ್ನು ಐದು ವರ್ಷದಿಂದ ಎಲ್ಲರೂ ಹೇಳಿ ಮುಗಿಸಿದ್ದರು. ಅವನಿಗಿಂತ ನಾಲ್ಕು ಹೆಜ್ಜೆ ಮೇಲೆ, ಪೊರಕೆಯನ್ನು ನೆಲಕ್ಕೆ ಊರಿ, ಅವನ ಉಸಿರು ಸಮನಾಗುವವರೆಗೂ ನಿಂತೇ ಇದ್ದರು. ಮಂಜಿನಲ್ಲಿ ಅವರ ಬಿಳಿಯ ಸೀರೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂಬುದು ರಾಚಯ್ಯನಿಗೆ ತಿಳಿಯುತ್ತಿರಲಿಲ್ಲ.

"ಹಿಂದಿನಿಂದ ಬರೋರು ಇರ್ತಾರೆ," ಎಂದರು ಕೊನೆಗೆ, ಮೊದಲಿನದೇ ಧ್ವನಿಯಲ್ಲಿ. "ಗುಡ್ಡದ ಕಡೆಗೆ."

ರಾಚಯ್ಯ ಎದ್ದ. ತಾನು ತಪ್ಪಾಗಿ ಅಂಚಿಗೆ ತಳ್ಳಿದ್ದ ಎಲೆಯನ್ನು ಕೆಳಗಿನಿಂದ ಮತ್ತೆ ಒಳಕ್ಕೆ ಎಳೆಯುತ್ತಾ ಬಂದ. ಅದಕ್ಕಾಗಿ ಅವನು ಇಪ್ಪತ್ತು ಮಾರು ದಾರಿ ಹಿಂದಕ್ಕೆ ಇಳಿಯಬೇಕಾಯಿತು. ಗೋಡೆ ಹಿಡಿಯದೆ ತಾನು ಇಳಿಜಾರಿನಲ್ಲಿ ಇಳಿದೆ ಎಂಬುದು ಆ ಹೊತ್ತಿನಲ್ಲಿ ಅವನ ಗಮನಕ್ಕೇ ಬರಲಿಲ್ಲ. ನಡುಗುವ ಕೈಯಲ್ಲೇ ಗುಡಿಸಿದ.

ಹೀಗೆ ಎಷ್ಟು ಹೊತ್ತು ಗುಡಿಸಿದನೋ. ಒಂದು ಸಲ ಪೊರಕೆ ಚಾಚಿದಾಗ ಎಲೆ ಸಿಗಲಿಲ್ಲ. ಇನ್ನೊಮ್ಮೆ ಚಾಚಿದ, ಬರೀ ಕಲ್ಲು ಕೆರೆದ ಸದ್ದು. ಕಾಲ ಕೆಳಗೆ ಮಣ್ಣು ಮುಗಿದು ಬಂಡೆ ಬಂದಿತ್ತು. ತಲೆಯೆತ್ತಿದ. ನೋಟದ ಅರೆಯ ಮೇಲೆ ನಿಂತಿದ್ದ.

ಕೂಡಲೇ ಕೂತು ಎರಡೂ ಅಂಗೈಯನ್ನು ಬಂಡೆಗೆ ಒತ್ತಿಕೊಂಡ. ಆದರೆ ಹೆದರಲು ಮುಂದೆ ಏನೂ ಇರಲಿಲ್ಲ. ಕಣಿವೆಯ ತುಂಬ ಮಂಜು. ಅದು ಅರೆಯ ಅಂಚಿನವರೆಗೂ ಬಂದು, ದಂಡೆಯವರೆಗೆ ತುಂಬಿದ ಕೆರೆಯ ನೀರಿನಂತೆ ಮೆಲ್ಲಗೆ ಹೊಯ್ದಾಡುತ್ತಿತ್ತು. ಅಮ್ಮನವರು ಪಕ್ಕದಲ್ಲಿ ಕೂತು ಸೆರಗಿನ ಗಂಟಿನಿಂದ ಎರಡು ನೆಲ್ಲಿಕಾಯಿ ತೆಗೆದು ಒಂದನ್ನು ಅವನ ಮುಂದಿಟ್ಟರು. ಇಬ್ಬರೂ ತಿಂದರು. ಹುಳಿ ಹೋಗಿ ಬಾಯಲ್ಲಿ ಸಿಹಿ ಬರುವ ಹೊತ್ತಿಗೆ ಬಿಸಿಲು ಬಿತ್ತು.

ಮಂಜು ಒಮ್ಮೆಗೇ ಹೋಗಲಿಲ್ಲ. ಮೊದಲು ಒಂದು ಬಿದಿರುಮೆಳೆಯ ತುದಿ ಕಂಡಿತು. ಆಮೇಲೆ ಯಾವುದೋ ಹೊಲದ ಒಂದು ಮೂಲೆ. ಮತ್ತೆ ಎಲ್ಲ ಮುಚ್ಚಿತು. ಮತ್ತೆ ತೆರೆದಾಗ, ಎದುರಿನ ಗುಡ್ಡದ ಮೈಮೇಲೆ ಯಾರೋ ಬಿಚ್ಚಿ ಎಸೆದ ಉಡಿದಾರದಂತೆ ಬಿದ್ದಿತ್ತು ಕೆಂಬರೆ ಘಾಟಿಯ ರಸ್ತೆ. ರಾಚಯ್ಯ ತಿರುವುಗಳನ್ನು ಮನಸ್ಸಿನಲ್ಲೇ ಎಣಿಸಿದ. ಎಂಟು. ಒಂಬತ್ತು. ಹತ್ತನೆಯದರ ಮೇಲೆ ಕಣ್ಣು ನಿಂತಿತು. ಅವನ ರಾತ್ರಿಗಳಲ್ಲಿ ಆ ತಿರುವು ಆಕಾಶದಷ್ಟು ದೊಡ್ಡದಾಗಿತ್ತು. ಇಲ್ಲಿಂದ ಅದು ಕಿರುಬೆರಳಿನ ಉಗುರಿನಷ್ಟಿತ್ತು. ಒಂದು ಬಸ್ಸು, ಕೆಂಪು ಜೀರುಂಡೆಯ ಹಾಗೆ, ಅಲ್ಲಿಗೆ ಬಂದು, ನಿಧಾನಿಸಿ, ತಿರುಗಿಕೊಂಡು ಮುಂದಕ್ಕೆ ಹೋಯಿತು. ಅದರ ಹಾರನ್ನಿನ ಸದ್ದು ಬಸ್ಸು ಮರೆಯಾದ ಮೇಲೆ ಅವನ ಕಿವಿಗೆ ತಲುಪಿತು.

ಅದೇ ರಸ್ತೆಯ ಬುಡದಲ್ಲಿ ಇಪ್ಪತ್ತು ಮೂವತ್ತು ಹೆಂಚಿನ ಮನೆಗಳು, ಅವುಗಳ ಮೇಲೆ ಒಲೆಯ ಹೊಗೆ. ತೊರೆಹುಂಡಿ.

"ನಾನ್ ಮಾಡಿದ್ದು ಸರೀನಾ ತಪ್ಪಾ, ನೀವಾದ್ರೂ ಹೇಳಿ ಅಮ್ಮ," ಎಂದ ರಾಚಯ್ಯ.

ಅಮ್ಮನವರು ಹೊಗೆ ಏಳುತ್ತಿದ್ದ ಕಡೆಗೆ ನೋಡಿದರು.

"ಅದನ್ನ ಯಾರ್ನ ಕೇಳ್ಬೇಕೋ ಅವ್ಳು ಅಲ್ಲಿ ಅವ್ಳೆ. ನನ್ನ ಕೇಳುದ್ರೆ?"

"ಹೆಂಗೆ ಹೋಗ್ಲಿ? ಯಾವ ಮುಖ ಇಟ್ಕೊಂಡ್ ಹೋಗ್ಲಿ?"

ಅಮ್ಮನವರು ಎದ್ದು ಅರೆಯ ಆಚೆ ಮಗ್ಗುಲಿಗೆ ಹೋಗಿ, ಪೊರಕೆಯ ಹಿಡಿಯಿಂದ ಒಂದು ಲಂಟಾನದ ಪೊದೆಯನ್ನು ಸರಿಸಿದರು. ಅಲ್ಲಿಂದ ಇನ್ನೊಂದು ಕಾಲುದಾರಿ ಕಣಿವೆಗೆ ಇಳಿಯುತ್ತಿತ್ತು. ಆಚೆ ಮಗ್ಗುಲಿಗೂ ದಾರಿ ಇದೆ ಎಂಬುದು ಜಾಲಹುಂಡಿಯ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ತೊರೆಹುಂಡಿಗೆ ಹೋಗುವವರು ಬಸ್ಸಿನಲ್ಲಿ ಬೆಟ್ಟ ಸುತ್ತಿ ಹೋಗುತ್ತಿದ್ದರು. ಯಾರೂ ನಡೆಯದ ಆ ದಾರಿಯ ಮೇಲೆ ನಾಲ್ಕೈದು ಎಲೆ ಬಿಟ್ಟರೆ ಏನೂ ಇರಲಿಲ್ಲ. ಮಣ್ಣಿನ ಮೇಲೆ ಹಿಂದಿನ ಸಂಜೆಯ ಪೊರಕೆಯ ಗೆರೆ ಇನ್ನೂ ಹಸಿಯಾಗಿತ್ತು.

"ಈ ಕಡೆನೂ ಗುಡ್ಸಿಟ್ಟಿದೀನಿ," ಎಂದರು ಅಮ್ಮನವರು. "ಹೋಗ್ಬಾ. ನಿನ್ ಹೆಂಡ್ತಿಗೆ ನಾನ್ ಹೇಳ್ತೀನಿ."

ಪೂಜ್ಯರ ಇಂಥ ಮಾತುಗಳಿಗೆ ಎದುರು ಹೇಳಲು ಆಗುತ್ತಿರಲಿಲ್ಲ ಎಂದು ಅವರನ್ನು ಕಂಡವರೆಲ್ಲ ಹೇಳುತ್ತಾರೆ. ಗದರಿಸುತ್ತಿದ್ದರು ಎಂದಲ್ಲ. ಹೋಗಲಾರೆ ಎನ್ನಲು ದಾರಿಯಿಲ್ಲ ಎಂಬುದೊಂದು ನೆಪ ಬೇಕಲ್ಲ. ಆ ನೆಪವನ್ನು ಅವರು ಮೊದಲೇ ಗುಡಿಸಿ ಹಾಕಿರುತ್ತಿದ್ದರು.

ರಾಚಯ್ಯ ಪೊರಕೆಯನ್ನು ಊರುಗೋಲು ಮಾಡಿಕೊಂಡು ಇಳಿದ. ಮೊದಲು ಕೂತು ಕೂತು ಜಾರಿದ. ಆಮೇಲೆ ಗುಡ್ಡದ ಬೇರು ಹಿಡಿದು ಇಳಿದ. ಬಿದ್ದಿದ್ದ ಎಲೆಗಳನ್ನು, ಕೈ ಸುಮ್ಮನಿರಲಾರದೆ, ಗುಡ್ಡದ ಕಡೆಗೆ ಸರಿಸಿದ. ಸರಿಸುತ್ತಾ ಹೋದಂತೆ ಬೇರು ಹಿಡಿಯುವುದು ಮರೆತುಹೋಯಿತು. ಮತ್ತೆ ಆ ಅರೆನಿದ್ದೆ, ಮತ್ತೆ ಆ ತೊಟ್ಟಿಲ ಸದ್ದು. ಈಗ ಮುಂದೆ ಗುಡಿಸುವವರು ಯಾರೂ ಇರಲಿಲ್ಲ. ಆದರೂ ಮುಂದೆ ಯಾರೋ ಗುಡಿಸುತ್ತಿದ್ದಾರೆ ಎಂದೇ ಅವನಿಗೆ ಕೇಳಿಸುತ್ತಿತ್ತು.

ಅರ್ಧ ದಾರಿಯಲ್ಲಿ ಒಂದು ಬೀಟೆ ಮರ ಅಡ್ಡ ಬಿದ್ದಿತ್ತು. ಅದನ್ನು ದಾಟಿದ ಮೇಲೆ ಏನೋ ಬೇರೆ ಎನ್ನಿಸಿ ರಾಚಯ್ಯ ನಿಂತ. ಪೊರಕೆಯ ಗೆರೆಗಳು ತಿರುಗಿದ್ದವು. ಇಲ್ಲಿಯವರೆಗೆ ಮೇಲಿನಿಂದ ಗುಡಿಸಿಕೊಂಡು ಬಂದ ಗೆರೆ. ಇಲ್ಲಿಂದ ಕೆಳಗಿನಿಂದ ಗುಡಿಸಿಕೊಂಡು ಬಂದ ಗೆರೆ. ಎಲೆಯ ಗುಪ್ಪೆಗಳು ಇಲ್ಲಿಯೂ ಗುಡ್ಡದ ಕಡೆಗೇ ಇದ್ದವು. ಆದರೆ ಪ್ರತಿಯೊಂದು ಗುಪ್ಪೆಯ ಮೇಲೂ, ಗಾಳಿಗೆ ಹಾರದಿರಲೆಂದು, ಮುಷ್ಟಿಯಷ್ಟು ದೊಡ್ಡ ಒಂದು ಕಲ್ಲಿತ್ತು.

ಅಮ್ಮನವರ ಗುಪ್ಪೆಗಳ ಮೇಲೆ ಕಲ್ಲಿರಲಿಲ್ಲ. ಇದು ಬೇರೆ ಯಾರದೋ ಕೈ. ಉರುಳುವುದಕ್ಕೆ, ಹಾರುವುದಕ್ಕೆ ಕಂಡಲ್ಲೆಲ್ಲ ಒಂದು ಕಲ್ಲು ಕೊಡುವ ಅಭ್ಯಾಸ ಯಾರ ಮನೆಯದು ಎಂಬುದು ರಾಚಯ್ಯನಿಗೆ ಗೊತ್ತಿತ್ತು. ಚಿನ್ನಸ್ವಾಮಿ ಹೋಟೆಲಿನ ಅಲ್ಲಾಡುವ ಮೇಜಿಗೂ ಕಲ್ಲು ಹುಡುಕುತ್ತಿದ್ದವನು. ರಾಚಯ್ಯ ಒಂದು ಗುಪ್ಪೆಯ ಮುಂದೆ ಕೂತು ಆ ಕಲ್ಲನ್ನು ಮುಟ್ಟಿದ. ಬಿಸಿಲಿಗೆ ಬೆಚ್ಚಗಾಗಿತ್ತು. ಆಮೇಲೆ ಅವನು ಎಲ್ಲಿಯೂ ನಿಲ್ಲಲಿಲ್ಲ.

ದಾರಿ ನೇರವಾಗಿ ಒಂದು ಮನೆಯ ಹಿತ್ತಿಲಿಗೆ ಹೋಗಿ ಮುಗಿಯಿತು. ಸೀಗೆ ಬೇಲಿ, ಹುರುಳಿ ಕಣ, ಗೋಡೆಗೆ ಒರಗಿಸಿದ್ದ ಒಂದು ಈಚಲ ಪೊರಕೆ. ಕಣದಲ್ಲಿ ಹುರುಳಿ ಕೇರುತ್ತಿದ್ದ ಸಾಕಮ್ಮ ಮೊರವನ್ನು ಕೆಳಗಿಟ್ಟಳು. ಅವನನ್ನು ನೋಡಿದಳು. ಅವನ ಕೈಯಲ್ಲಿದ್ದ ಪೊರಕೆಯನ್ನು ನೋಡಿದಳು.

"ಬಂದ್ರಾ ಅಣ್ಣ," ಎಂದಳು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಹೇಳಿದಳು:

"ಅಮ್ಮೋರು ಪೊರಕೆ ಕೊಟ್ಟು ನಾಕು ವರ್ಷ ಆಯ್ತು, ಗುಡ್ಸೋಕ್ ಹಿಡುದು. ಯಾರೂ ನಡಿಯಲ್ವಲ್ಲ ಅಮ್ಮೋರೆ, ಯಾರಿಗಂತ ಗುಡುಸ್ಲಿ ಅಂದ್ರೆ, ಬರೋರು ಬತ್ತಾರೆ, ಅರ್ಧ ನಂದು ಅರ್ಧ ನಿಂದು ಅಂದ್ರು. ಒಂದೊಂದ್ ದಿನ ಬೈಕೊಂಡೂ ಗುಡ್ಸಿವ್ನಿ. ನಿಮ್ಮನ್ನೇ ಬೈಕೊಂಡು."

"ಬೈಯಿ ಕಣವ್ವ," ಎಂದ ರಾಚಯ್ಯ. ನಿಂತೇ ಇದ್ದ. "ಒಂದ್ ಮಾತು ಹೇಳ್ಬೇಕು. ಕೇಳಿ ಆಮೇಲೆ ಓಡ್ಸು ಬೇಕಾದ್ರೆ. ಗೊತ್ತಿಲ್ದೆ ಆದದ್ದು ಅಂತ ಎಲ್ರೂ ಅಂದ್ಕೊಂಡವ್ರೆ. ಹಂಗಲ್ಲ. ಅವನು ಬಾಗ್ಲಲ್ಲಿ ಇದ್ದದ್ದು ಕನ್ನಡೀಲಿ ಕಂಡಿತ್ತು ನಂಗೆ. ಕಂಡ್ಮೇಲೆ ತಿರುಗ್ಸಿದ್ದು."

ಸಾಕಮ್ಮ ಕಣದ ಅಂಚಿನಲ್ಲಿ ಮೆಲ್ಲಗೆ ಕೂತಳು. ಒಂದು ಹಿಡಿ ಹುರುಳಿಯನ್ನು ಎತ್ತಿ, ಬೆರಳಿನ ಸಂದಿಯಿಂದ ಸೋರಿಸಿ, ಮತ್ತೆ ಎತ್ತಿದಳು. ಬೇಲಿಯ ಮೇಲೆ ಒಂದು ಓತಿ ತಲೆಯಾಡಿಸುತ್ತಿತ್ತು.

"ಅವ್ರು ನಿಮ್ಮನ್ನ ನೋಡುದ್ರಾ?" ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಿದ್ದು ಬ್ರೇಕಿನ ಬಗ್ಗೆ. ಜನ ಕೇಳಿದ್ದು ನಲವತ್ತೆರಡು ಜನರ ಬಗ್ಗೆ.

"ನೋಡ್ದ," ಎಂದ. "ಅದೇ ಕನ್ನಡೀಲಿ. ಕೈಯಲ್ಲಿ ಕಲ್ಲಿತ್ತು. ನನ್ ಕಣ್ಣು ಅವನಿಗೆ ಕಾಣ್ತು, ಅವನ ಕಣ್ಣು ನಂಗೆ ಕಾಣ್ತು. ತಲೆ ಆಡುಸ್ದ ಕಣವ್ವ. ಹ್ಞೂ ಅನ್ನೋ ಹಂಗೆ. ನಾನು ಇದನ್ನ ಯಾರ್ಗೂ ಹೇಳಿಲ್ಲ. ತಪ್ಪುಸ್ಕೊಳ್ಳೋಕೆ ಕಟ್ತಾವ್ನೆ ಅಂತಾರೆ ಅಂತ. ಆಮೇಲಾಮೇಲೆ ನಾನೇ ಕಟ್ಟಿದ್ನೇನೋ ಅನ್ಸೋಕ್ ಶುರುವಾಯ್ತು."

"ಭಯ ಇತ್ತಾ ಮುಖದಲ್ಲಿ?"

ರಾಚಯ್ಯ ಕಣ್ಣು ಮುಚ್ಚಿ ನೋಡಿದ. ಐದು ವರ್ಷದಿಂದ ತಪ್ಪಿಸಿಕೊಂಡು ಓಡಾಡಿದ ಆ ಕನ್ನಡಿಯೊಳಗೆ ಈಗ ತಾನಾಗಿಯೇ ನೋಡಿದ.

"ಇಲ್ಲ. ಅವಸರ ಇತ್ತು. ನಿಲ್ದಾಣದಲ್ಲಿ ಬೇಗ ಹೊರಡು ಅಂತ ನನ್ ಕಡೆ ನೋಡ್ತಿದ್ನಲ್ಲ, ಹಂಗೆ."

ಸಾಕಮ್ಮ ಸೆರಗನ್ನು ಮುಖಕ್ಕೆ ಹಚ್ಚಿಕೊಂಡು ಬಹಳ ಹೊತ್ತು ಅತ್ತಳು. ರಾಚಯ್ಯನೂ ಕಣದಲ್ಲಿ ಅವಳಿಗೆ ಎದುರಾಗಿ ಕೂತ.

"ಒಬ್ರೂ ಹೇಳ್ಲಿಲ್ಲ ಅಣ್ಣ," ಎಂದಳು ಅವಳು ಕೊನೆಗೆ. "ಒಂದೇ ಏಟಿಗೆ ಹೋದ್ರು, ನೋವಾಗ್ಲಿಲ್ಲ ಅಂತ ಎಲ್ರೂ ಅಂದ್ರು. ನಂಗೆ ಬೇಕಾಗಿದ್ದು ಅದಲ್ಲ. ಕೊನೇಲಿ ಹೆದ್ರಿದ್ರಾ, ಕೂಗಿದ್ರಾ, ಯಾರೂ ನೋಡ್ದೆ ಒಬ್ರೇ ಹೋದ್ರಾ ಅಂತ. ಅದನ್ನ ಕಂಡಿದ್ದೋರು ನೀವೊಬ್ರೇ. ಅದ್ನ ಇಟ್ಕೊಂಡು ಬೆಟ್ಟದ ಆಚೆ ಕೂತ್ಬಿಟ್ರಿ."

ಆ ಮಾತು ಕೇಳಿದಾಗ ರಾಚಯ್ಯನಿಗೆ ತನ್ನ ನಿಜವಾದ ತಪ್ಪು ಯಾವುದೆಂದು ತಿಳಿಯಿತು. ಬಸ್ಸು ತಿರುಗಿಸಿದ್ದರ ತೀರ್ಪು ದೇವರದು. ಅದನ್ನು ಅವನು ಆಮೇಲೆ ಯಾರನ್ನೂ ಕೇಳಲಿಲ್ಲ. ಆದರೆ ಇನ್ನೊಬ್ಬರಿಗೆ ಸೇರಬೇಕಾದ ಒಂದು ನೋಟವನ್ನು ಐದು ವರ್ಷ ತನ್ನ ಶಿಕ್ಷೆಯೆಂದು ಬಚ್ಚಿಟ್ಟುಕೊಂಡಿದ್ದ. ಅವನು ಬಗ್ಗಿ, ಸಾಕಮ್ಮ ಬೇಡವೆನ್ನುತ್ತಿದ್ದರೂ, ಕಣದ ಮಣ್ಣಿಗೆ ಹಣೆ ಹಚ್ಚಿದ.

ಮಧ್ಯಾಹ್ನ ಅವಳು ಮುದ್ದೆ ಹುರುಳಿಸಾರು ಬಡಿಸಿದಳು. ಊಟವಾದ ಮೇಲೆ, "ಬಸ್ಸಲ್ಲಿ ಹೋಯ್ತೀರಾ ಅಣ್ಣ?" ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಇನ್ನೊಂದ್ ದಿನ," ಎಂದ ರಾಚಯ್ಯ. "ಇವತ್ತು ನಡ್ಕೊಂಡೇ." ಅವಳು ತನ್ನ ಪೊರಕೆ ಎತ್ತಿಕೊಂಡು ಬೀಟೆ ಮರದವರೆಗೆ ಅವನ ಜೊತೆ ಬಂದಳು. ಬೆಳಗಿನಿಂದ ಬಿದ್ದ ಎಲೆಯನ್ನು ಇಬ್ಬರೂ ಗುಡಿಸಿಕೊಂಡು ಹತ್ತಿದರು. ಅವನು ಗುಪ್ಪೆ ಮಾಡಿದ, ಅವಳು ಕಲ್ಲಿಟ್ಟಳು.

ರಾಚಯ್ಯ ಅರೆ ಏರಿ, ಈಚೆಯ ಕಡಿದಾದ ದಾರಿ ಇಳಿದು ಗುಡಿಸಲು ಸೇರಿದಾಗ ಹೊತ್ತು ಇಳಿಯುತ್ತಿತ್ತು. ಮರಗಳ ನಡುವಿನಿಂದ ಬಂದ ಕೊನೆಯ ಬಿಸಿಲಿನಲ್ಲಿ ಧೂಳು ಚಿನ್ನದ ಹೊಟ್ಟಿನಂತೆ ತೇಲುತ್ತಿತ್ತು. ಅಮ್ಮನವರೂ ಪುಟ್ಟತಾಯಮ್ಮನೂ ಎದುರು ಬದುರು ಕೂತು ಪೊರಕೆ ಕಟ್ಟುತ್ತಿದ್ದರು. ಕಾಲು ಎಲ್ಲಿಯೂ ತಡವರಿಸದೆ ಇಳಿದು ಬರುತ್ತಿದ್ದ ಗಂಡನನ್ನು 'ಇವರು ಯಾರು' ಎಂಬಂತೆ ನೋಡುತ್ತಾ ಪುಟ್ಟತಾಯಮ್ಮ ಎದ್ದು ನಿಂತಳು. ಅಮ್ಮನವರು ನಾರು ಬಿಗಿಯುತ್ತಲೇ ಕೇಳಿದರು:

"ಕೆಳಗಿನರ್ಧ ಹೆಂಗಿತ್ತು?"

"ಚೆನ್ನಾಗಿ ಗುಡ್ಸವ್ಳೆ ಅಮ್ಮ," ಎಂದ ರಾಚಯ್ಯ. "ಕಲ್ಲಿಟ್ಟವ್ಳೆ."

"ಹ್ಞೂ," ಎಂದರು ಅಮ್ಮನವರು. ಕಟ್ಟಿ ಮುಗಿದ ಪೊರಕೆಯನ್ನು ಒಮ್ಮೆ ನೆಲಕ್ಕೆ ಕುಟ್ಟಿ ಸಮ ಮಾಡಿ, ಅವನ ಕೈಗೆ ಕೊಟ್ಟರು. "ನಂಗೆ ವಯಸ್ಸಾಯ್ತು. ಮೇಲಿನರ್ಧ ಇನ್ಮೇಲೆ ನಿಂದು."

ಆ ಸಂಜೆ, ಹೆಂಡತಿ ಊರಿಗೆ ಹೊರಡಲು ಗಂಟು ಕಟ್ಟಿಕೊಳ್ಳುವಷ್ಟರಲ್ಲಿ, ರಾಚಯ್ಯ ಹೊನ್ನೆ ಮರದ ಬುಡದಲ್ಲಿ, ಎದೆಯ ಮೇಲೆ ಆ ಪೊರಕೆಯನ್ನು ಇಟ್ಟುಕೊಂಡೇ ನಿದ್ದೆಹೋದ. ಪುಟ್ಟತಾಯಮ್ಮ ಎಬ್ಬಿಸಲು ಹೋದಾಗ ಅಮ್ಮನವರು ಬೇಡವೆಂದು ತಲೆಯಾಡಿಸಿ, ಒಳಗಿನಿಂದ ತಮ್ಮ ಒಂದೇ ಒಂದು ಕಂಬಳಿಯನ್ನು ತಂದು ಅವನಿಗೆ ಹೊದಿಸಿದರು. ಮರದಿಂದ ಎಲೆಗಳು ಒಂದೊಂದಾಗಿ ಬಂದು ಆ ಕಂಬಳಿಯ ಮೇಲೆ ಕೂರುತ್ತಿದ್ದವು. ಅವನ್ನು ಮಾತ್ರ ಅಮ್ಮನವರು ಗುಡಿಸಲಿಲ್ಲ.